ಕನ್ಸಲ್ಟಿಂಗ್ ಪ್ರಾಜೆಕ್ಟಿನ ತಂಡ: ಸ್ನೇಹಿತರೇ ಸೇರಿಕೊಳ್ಳಬೇಕೆ, ಮೇಷ್ಟ್ರು ಹಂಚಬೇಕೆ?

ಕನ್ಸಲ್ಟಿಂಗ್ ಪ್ರಾಜೆಕ್ಟ್ ಎಂದರೆ ವಿದ್ಯಾರ್ಥಿಗಳು ತಂಡವಾಗಿ ಕೊಡಗಿನ ಹೋಂಸ್ಟೇಯಂಥ ಒಂದು ವ್ಯವಹಾರವನ್ನು ನೋಡಿ, ಮಾಲೀಕರಿಗೆ ಸಲಹೆಯ ವರದಿ ಕೊಡುವ ಕೆಲಸ. ಸ್ನೇಹಿತರ ತಂಡ ಮೊದಲ ದಿನವೇ ಕೆಲಸಕ್ಕಿಳಿಯುತ್ತದೆ. ಎಲ್ಲರೂ ಗೋಣಿಕೊಪ್ಪದ ಕಡೆಯವರಾದರೆ ಓಡಾಟವೂ ಸಲೀಸು. ತೊಡಕು ಬೇರೆ ಕಡೆ: ಪೋಸ್ಟರ್ ಮಾಡಲು ನಾಲ್ವರೂ ಮುಂದು, ಲೆಕ್ಕಕ್ಕೆ ಒಬ್ಬರೂ ಇಲ್ಲ. ಹೋಂಸ್ಟೇಯ ಒಂದು ಕೋಣೆಗೆ ಒಂದು ರಾತ್ರಿ ತಗಲುವ ಖರ್ಚನ್ನು (ತಿಂಡಿ, ಬಟ್ಟೆ ಒಗೆತ, ಕರೆಂಟು, ಬುಕಿಂಗ್ ಆ್ಯಪಿನ ಕಮಿಷನ್) ತೆಗೆಯದೆ, 'ಇನ್‌ಸ್ಟಾಗ್ರಾಂ ಖಾತೆ ತೆರೆಯಿರಿ' ಎಂದು ವರದಿ ಮುಗಿಸುತ್ತಾರೆ. ಮಾಲೀಕರ ಮಗಳು ಅದನ್ನು ಯಾವಾಗಲೋ ಮಾಡಿರುತ್ತಾಳೆ! ಕೆಲಸಗಳ್ಳನಿದ್ದರೂ ದಾಕ್ಷಿಣ್ಯಕ್ಕೆ ಯಾರೂ ಬಾಯಿಬಿಡುವುದಿಲ್ಲ.

ಮೇಷ್ಟ್ರು ಹಂಚಿದರೆ ಲೆಕ್ಕ ಬಲ್ಲವರು, ವರದಿ ಬರೆಯುವವರು, ತೋಟದ ಮಾಲೀಕರೊಡನೆ ಕೊಡವ ತಕ್ಕ್ ಅಥವಾ ಅರೆಭಾಷೆಯಲ್ಲಿ ಮಾತಾಡಬಲ್ಲವರು ಒಂದೆಡೆ ಸಿಗುತ್ತಾರೆ. ಆರಂಭ ಮಾತ್ರ ನಿಧಾನ. ಮೊದಲ ಸಭೆಯಲ್ಲೇ ಯಾರು, ಏನು, ಯಾವ ತಾರೀಖಿಗೆ, ತಪ್ಪಿದರೆ ಯಾರಿಗೆ ಹೇಳಬೇಕು ಎಂದು ಒಂದು ಪುಟ ಬರೆದು ಸಹಿ ಹಾಕಿಸಿ.

ಆಯ್ಕೆ ನಿಮ್ಮದಾದರೆ ನಡುದಾರಿ ಮೇಲು: ವಿದ್ಯಾರ್ಥಿಗಳು ಜೋಡಿಯಾಗಲಿ, ಎರಡು ಜೋಡಿಗಳನ್ನು ಮೇಷ್ಟ್ರು ಸೇರಿಸಲಿ. ಆರು ಜನ ಬೇಡ. ನಾಲ್ವರಲ್ಲಿ ಇಬ್ಬಿಬ್ಬರ ನಡುವೆ ಹೊಂದಿಸಬೇಕಾದ ಸಂಬಂಧ 6, ಆರು ಜನರಲ್ಲಿ 15. ಜೋಡಿ ಸೇರಿಸುವ ಮುನ್ನ ವಾರಕ್ಕೆ ಎರಡು ಗಂಟೆಯಾದರೂ ಎಲ್ಲರಿಗೂ ಒಟ್ಟಿಗೆ ಬಿಡುವಿದೆಯೇ ನೋಡಿ; ಕಾಫಿ ಕೊಯ್ಲಿನ ಡಿಸೆಂಬರ್–ಫೆಬ್ರವರಿಯಲ್ಲಿ ತೋಟದ ಮನೆಯ ಮಕ್ಕಳು ಭಾನುವಾರ ಸಿಗುವುದು ಕಷ್ಟ. ತಂಡದವರು ಒಬ್ಬರ ಕೆಲಸವನ್ನು ಇನ್ನೊಬ್ಬರು ಅಳೆಯುವ ಮೌಲ್ಯಮಾಪನ ಅರ್ಧದಲ್ಲೇ ಒಮ್ಮೆ ಆಗಲಿ. ಕೊನೆಗೆ ಮಾತ್ರ ಮಾಡಿದರೆ ಸೇಡು ತೀರುತ್ತದೆ, ಕೆಲಸ ಸರಿಹೋಗುವುದಿಲ್ಲ.