14 ತಿಂಗಳು ಬಳಸಿದ ಮೇಲೆ: ಲ್ಯಾಪ್‌ಟಾಪ್ ಚೆನ್ನಾಗಿದೆ, ಜೊತೆಗೆ ಬಂದ ಪುಕ್ಕಟೆ ಸಾಮಾನಿನದೇ ಕಾಟ

ತಿಪಟೂರಿನಲ್ಲಿ ನನ್ನದೊಂದು ಸಣ್ಣ ಝೆರಾಕ್ಸ್, ಡಿಟಿಪಿ ಅಂಗಡಿ. ಹಳೇ ಡೆಸ್ಕ್‌ಟಾಪ್ ಕೈಕೊಟ್ಟಾಗ 42 ಸಾವಿರ ಕೊಟ್ಟು ಈ ಲ್ಯಾಪ್‌ಟಾಪ್ ತಗೊಂಡೆ. ಪ್ರೊಸೆಸರ್ ಯಾವುದು, ರ‍್ಯಾಮ್ ಎಷ್ಟು ಎಂದೆಲ್ಲ ಬರೆಯಲ್ಲ, ಡಬ್ಬದ ಮೇಲೇ ಇರುತ್ತದೆ. ಕಂಪನಿ ಹೆಸರೂ ಬೇಡ. ಪಕ್ಕದ ಅಂಗಡಿಗಳಲ್ಲಿ ಬೇರೆ ಎರಡು ಕಂಪನಿಯ ಲ್ಯಾಪ್‌ಟಾಪ್‌ಗಳಲ್ಲೂ ಇದೇ ಕತೆ ನೋಡಿದ್ದೇನೆ.

ಬೆಳಿಗ್ಗೆ ನಾನು ಶಟರ್ ಎತ್ತಿ, ಬಾಗಿಲಿಗೆ ನೀರು ಹಾಕಿ, ಲ್ಯಾಪ್‌ಟಾಪಿನ ಗುಂಡಿ ಒತ್ತುತ್ತೇನೆ. ಆಮೇಲೆ ದೇವರ ಫೋಟೋಗೆ ಊದುಬತ್ತಿ. ಮೊದಲ ತಿಂಗಳು, ಬೆಂಕಿಕಡ್ಡಿ ಗೀರಿ ಊದುಬತ್ತಿಗೆ ಹಿಡಿಯುವಷ್ಟರಲ್ಲಿ ಪರದೆ ರೆಡಿ. ಎಸ್‌ಎಸ್‌ಡಿ ಅನ್ನೋ ವೇಗದ ಡಿಸ್ಕ್ ಅಂದರೆ ಇದಪ್ಪಾ ಅಂತ ಬಂದವರಿಗೆಲ್ಲ ತೋರಿಸಿದ್ದೆ. ನಾಲ್ಕನೇ ತಿಂಗಳಿಗೆ ಊದುಬತ್ತಿ ಹಚ್ಚಿ, ಮಂಗಳಾರತಿ ಮಾಡಿ, ಹಿಂದಿನ ದಿನದ ಚಿಲ್ಲರೆ ಎಣಿಸಿ ತಿರುಗಿದರೂ ಆ ಬಿಳಿ ಚುಕ್ಕಿಗಳು ಸುತ್ತುತ್ತಲೇ ಇರುತ್ತಿದ್ದವು. ಒಂದು ದಿನ ಮೊಬೈಲ್ ಹಿಡಿದು ಲೆಕ್ಕ ಹಾಕಿದೆ. 3 ನಿಮಿಷ 40 ಸೆಕೆಂಡ್. ಎದುರಿಗೆ ಪಹಣಿ ಪ್ರಿಂಟಿಗೆ ಬಂದವರು ನಿಂತಿದ್ದಾರೆ, ನಾನು ಸುಮ್ನೆ ಮೌಸ್ ಅಲ್ಲಾಡಿಸುತ್ತಾ ಕೂತಿದ್ದೇನೆ.

ದಿನಾ ರಾತ್ರಿ ಶಟ್‌ಡೌನ್ ಮಾಡಿಯೇ ಹೋಗುತ್ತೇನಲ್ಲ, ಇದಕ್ಕೇನು ಬಂತು ಅಂತ ತಲೆ ಕೆಟ್ಟಿತ್ತು. ಅಕ್ಕನ ಮಗ ಬಂದವನು ಕಂಟ್ರೋಲ್, ಶಿಫ್ಟ್, ಎಸ್ಕೇಪ್ ಒಟ್ಟಿಗೆ ಒತ್ತಿ ಟಾಸ್ಕ್ ಮ್ಯಾನೇಜರ್ ತೆಗೆದ. ಅದರಲ್ಲಿ ಸಿಪಿಯು ಪುಟದ ಕೆಳಗೆ 'ಅಪ್ ಟೈಮ್' ಅಂತ ಒಂದು ಸಾಲು ಇದೆ, ಮಿಷಿನ್ನು ಎಷ್ಟು ಹೊತ್ತಿನಿಂದ ಪೂರ್ತಿ ಆರದೆ ಓಡುತ್ತಿದೆ ಅಂತ. ನನ್ನದರಲ್ಲಿ 23 ದಿನ ಅಂತಿತ್ತು! ಹಿಂದಿನ ರಾತ್ರಿ ನಾನೇ ಆರಿಸಿ ಹೋದ ಮಿಷಿನ್ನು. "ಮಾಮ, ಇದು ಪೂರ್ತಿ ಆರಲ್ಲ" ಅಂದ. ವಿಂಡೋಸ್ 8ರಿಂದ 'ಫಾಸ್ಟ್ ಸ್ಟಾರ್ಟಪ್' ಅಂತ ಬಂದಿದೆಯಂತೆ. ಶಟ್‌ಡೌನ್ ಒತ್ತಿದಾಗ ವಿಂಡೋಸಿನ ಒಳಭಾಗ ಇದ್ದ ಸ್ಥಿತಿಯಲ್ಲೇ ಡಿಸ್ಕಿಗೆ ಹೋಗಿ ಕೂರುತ್ತದೆ. ಬೆಳಿಗ್ಗೆ ಅದನ್ನೇ ಎತ್ತಿಕೊಂಡು ಬರುತ್ತದೆ. ಹಳೇ ಕಸ ಇದ್ದರೆ ಅದೂ ಜೊತೆಗೇ ಬರುತ್ತದೆ. ರೀಸ್ಟಾರ್ಟ್ ಒತ್ತಿದರೆ ಮಾತ್ರ ಎಲ್ಲ ಹೊಸದಾಗಿ ಶುರು.

ರೀಸ್ಟಾರ್ಟ್ ಮಾಡಿದೆವು. ಒಂದು ನಿಮಿಷ ಕಮ್ಮಿಯಾಯಿತು. ಆದರೂ ಎರಡೂವರೆ ನಿಮಿಷ ಜಾಸ್ತಿಯೇ ಅಲ್ವಾ? ಮಿಷಿನ್ನು ಶುರುವಾದಾಗ ತಾವಾಗಿಯೇ ಏಳುವ ಸ್ಟಾರ್ಟಪ್ ಆ್ಯಪ್‌ಗಳ ಪಟ್ಟಿ ತೆಗೆದರೆ ನಾನು ಹಾಕದೇ ಇದ್ದ 11 ಹೆಸರು. ಗೇಮಿನದೊಂದು, ಮೀಟಿಂಗಿನದೊಂದು, ಕಂಪನಿಯವರ 'ಸಹಾಯಕ' ಎರಡು. ಅವುಗಳ ಜೊತೆ ಪುಕ್ಕಟೆ ಬಂದ ಆಂಟಿವೈರಸ್. ಅದರ ಎದುರಿಗೆ 'ಹೈ' ಅಂತ ಬರೆದಿತ್ತು, ಅಂದರೆ ಶುರುವಾಗುವುದನ್ನು ಜಾಸ್ತಿ ತಡ ಮಾಡುತ್ತದೆ ಅಂತ. ಮಿಕ್ಕವನ್ನು ಬಂದ್ ಮಾಡಿದೆವು. ಆಂಟಿವೈರಸ್ ಅಂದ ಮೇಲೆ ಇರಲಿ ಬಿಡು, ಕಳ್ಳಕಾಕರ ಕಾಲ ಅಂತ ಅದನ್ನು ಬಿಟ್ಟವನು ನಾನೇ.

ಒಂದು ತಿಂಗಳು ಕಳೆದಿರಬೇಕು. ಪ್ರಿಂಟರಿಗೆ ಹೊಸ ಡ್ರೈವರ್, ಅಂದರೆ ಅದನ್ನು ನಡೆಸುವ ಸಾಫ್ಟ್‌ವೇರ್, ಹಾಕಿದೆ. ಪ್ರಿಂಟ್ ಕೊಟ್ಟರೆ ಪುಟದ ತುಂಬಾ ಚೌಕ ಚೌಕ. ಮಿಷಿನ್ನನ್ನು ಹಿಂದಿನ ತಾರೀಕಿನ ಸ್ಥಿತಿಗೆ ತರುವ ಸಿಸ್ಟಮ್ ರಿಸ್ಟೋರ್ ಅನ್ನು ಅಕ್ಕನ ಮಗ ಮೊದಲೇ ಆನ್ ಮಾಡಿಟ್ಟಿದ್ದ. ಎಷ್ಟೋ ಲ್ಯಾಪ್‌ಟಾಪ್‌ಗಳಲ್ಲಿ ಅದು ಆಫ್ ಆಗಿಯೇ ಬರುತ್ತದೆ, ನಿಮ್ಮದರಲ್ಲಿ ಒಮ್ಮೆ ನೋಡಿಕೊಳ್ಳಿ. ಹಿಂದಿನ ದಿನದ ತಾರೀಕು ಆರಿಸಿ ಒತ್ತಿದೆ. 20 ನಿಮಿಷ ಓಡಿತು. ಆಮೇಲೆ ರಿಸ್ಟೋರ್ ಆಗಲಿಲ್ಲ, ಏನೂ ಬದಲಾಗಿಲ್ಲ ಅಂತ ಒಂದು ಡಬ್ಬಿ ಬಂತು. ಕೆಳಗೆ ಸೊನ್ನೆ, ಎಕ್ಸ್, ಆಮೇಲೆ 80070005. ಮತ್ತೆ ಮಾಡಿದೆ, ಮತ್ತೆ ಅದೇ. ಮೂರನೇ ಸಲ ಕನ್ನಡಕ ಹಾಕಿಕೊಂಡು ಪೂರ್ತಿ ಓದಿದೆ. ಒಂದು ಫೈಲನ್ನು ಮುಟ್ಟಲು ಆಗುತ್ತಿಲ್ಲ, ಬಹುಶಃ ಆಂಟಿವೈರಸ್ ಅಡ್ಡ ಬರುತ್ತಿದೆ, ಅದನ್ನು ನಿಲ್ಲಿಸಿ ನೋಡಿ ಅಂತ ಅಲ್ಲೇ ಬರೆದಿದೆ! ಒಂದು ಗಂಟೆ ಹಾಳು.

ನಿಲ್ಲಿಸಿದೆ. '15 ನಿಮಿಷ ಆಫ್' ಅಂತ ತೋರಿಸಿತು, ಆದರೂ ರಿಸ್ಟೋರ್ ಆಗಲಿಲ್ಲ. ಸರ್ವಿಸ್ ಸೆಂಟರಿಗೆ ಫೋನ್ ಮಾಡಿದರೆ "ಎಲ್ಲಾ ಅಳಿಸಿ ಹೊಸದಾಗಿ ಹಾಕಿಸಿಕೊಳ್ಳಿ ಸಾರ್" ಅಂದರು. ಅಕ್ಕನ ಮಗ ಫೋನಿನಲ್ಲೇ ಹೇಳಿದ: ಶಿಫ್ಟ್ ಒತ್ತಿಕೊಂಡು ರೀಸ್ಟಾರ್ಟ್ ಮಾಡಿ, ವಿಂಡೋಸ್ ತೀರಾ ಬೇಕಾದಷ್ಟರಲ್ಲೇ ಓಡುವ ಸೇಫ್ ಮೋಡಿಗೆ ಹೋಗಿ, ಅಲ್ಲಿ ಆಂಟಿವೈರಸ್ ಏಳುವುದಿಲ್ಲ. ಒತ್ತಿದೆ. ನೀಲಿ ಪರದೆ ಬಂದು ಬಿಟ್‌ಲಾಕರ್, ಅಂದರೆ ಡಿಸ್ಕಿಗೆ ವಿಂಡೋಸ್ ಹಾಕುವ ಬೀಗ, ಅದರ ಕೀ ಕೊಡಿ ಅಂತು. 48 ಅಂಕಿ. ಎಲ್ಲಿಂದ ತರಲಿ?

ಲ್ಯಾಪ್‌ಟಾಪ್ ತಗೊಂಡ ದಿನ ಅಂಗಡಿಯ ಹುಡುಗ ತನ್ನ ಇಮೇಲ್ ಹಾಕಿಯೇ ಎಲ್ಲ ಶುರು ಮಾಡಿಕೊಟ್ಟಿದ್ದ. ನಾನು ದಿನಾ ಪಿನ್ ಒತ್ತುತ್ತಿದ್ದೆ ಅಷ್ಟೇ, ಅಕೌಂಟ್ ಯಾರದು ಅಂತ ನೋಡಿದವನೇ ಅಲ್ಲ. ಕೀ ಹೋಗಿ ಕೂತಿರುವುದು ಅವನ ಅಕೌಂಟಿನಲ್ಲಿ. ಅವನೋ ಕೆಲಸ ಬಿಟ್ಟು ಬೆಂಗಳೂರು ಸೇರಿದ್ದಾನೆ. ನಂಬರ್ ಹುಡುಕಿ ಫೋನ್ ಮಾಡಿದೆ. "ಸಾರ್, ಅವತ್ತು ನೀವೇ ಹೇಳಿದ್ರಲ್ಲಾ, ಏನೋ ಒಂದು ಹಾಕಿ ಮಾಡಿಕೊಡಪ್ಪ ಅಂತ." ಹೌದು, ಹೇಳಿದ್ದೆ. ಪಾಪ, ಊಟದ ಬಿಡುವಿನಲ್ಲಿ ಆರಾರು ಅಂಕಿಯಂತೆ ಎಂಟು ಕಂತಿನಲ್ಲಿ ಓದಿ ಹೇಳಿದ. ಐದನೇ ಕಂತಿನಲ್ಲಿ ಬಸ್ಸಿನ ಹಾರನ್‌ಗೆ ಒಂದು ಅಂಕಿ ತಪ್ಪಿ ಮತ್ತೆ ಓದಿಸಿದೆ.

ಸೇಫ್ ಮೋಡಿನಲ್ಲಿ ರಿಸ್ಟೋರ್ ಒಂದೇ ಸಲಕ್ಕೆ ಆಯಿತು. ಟೈಪ್ ಮಾಡಿಟ್ಟ ಅಫಿಡವಿಟ್, ಲಗ್ನಪತ್ರಿಕೆ ಎಲ್ಲ ಇದ್ದ ಹಾಗೇ ಇದ್ದವು, ಹೊಸ ಡ್ರೈವರ್ ಮಾತ್ರ ಹೋಯಿತು. ಅವತ್ತೇ ಸಂಜೆ ಆಂಟಿವೈರಸ್ಸನ್ನು ಕಿತ್ತೆ. ಕಂಟ್ರೋಲ್ ಪ್ಯಾನೆಲ್‌ನಿಂದ ತೆಗೆದರೂ ಚೂರುಪಾರು ಉಳಿದಿತ್ತು. ಅದಕ್ಕೆ ಆ ಕಂಪನಿಯವರೇ ಬೇರೆ ತೆಗೆಯುವ ಟೂಲ್ ಕೊಡುತ್ತಾರೆ! ಅದು ಹೋದ ಮೇಲೆ ವಿಂಡೋಸಿನ ಸ್ವಂತ ಆಂಟಿವೈರಸ್ ಡಿಫೆಂಡರ್ ತಾನಾಗಿಯೇ ಆನ್ ಆಯಿತು. ನನ್ನಂಥವನಿಗೆ ಅಷ್ಟು ಸಾಕು.

ಈಗ 19 ಸೆಕೆಂಡಿಗೆ ತೆರೆಯುತ್ತದೆ. ಸೋಮವಾರ ಬೆಳಿಗ್ಗೆ ಒಂದು ರೀಸ್ಟಾರ್ಟ್, ಅದೂ ಪೂಜೆಯ ಲೆಕ್ಕಕ್ಕೇ ಸೇರಿಹೋಗಿದೆ. ಆ ಮೂರು ತಿಂಗಳು ಲ್ಯಾಪ್‌ಟಾಪಿಗೆ ಬೈದಿದ್ದು ಅನ್ಯಾಯ ಅನಿಸುತ್ತದೆ. ಕೀಬೋರ್ಡ್ ಬಹಳ ಮೆತ್ತಗಿದೆ, ದಿನಕ್ಕೆ 30 ಪುಟ 'ನುಡಿ' ಕನ್ನಡ ಸಾಫ್ಟ್‌ವೇರಿನಲ್ಲಿ ಹೊಡೆದರೂ ಬೆರಳು ನೋಯಲ್ಲ. ಮೇ ತಿಂಗಳ ಬಿಸಿಲಲ್ಲೂ ಫ್ಯಾನ್ ಸದ್ದು ಮಾಡಲಿಲ್ಲ. ಅಕೌಂಟನ್ನು ನನ್ನ ಇಮೇಲ್‌ಗೆ ಬದಲಾಯಿಸಿ, ಆ 48 ಅಂಕಿಯನ್ನು ಸಾಲದ ಪುಸ್ತಕದ ಕೊನೇ ಹಾಳೆಯಲ್ಲಿ ಬರೆದಿಟ್ಟಿದ್ದೇನೆ. ನಾಲ್ಕು ಸ್ಟಾರ್. ಬ್ಯಾಟರಿ ಎಷ್ಟು ಹೊತ್ತು ಬರುತ್ತದೆ ಅಂತ ನನ್ನನ್ನು ಕೇಳಬೇಡಿ, ಚಾರ್ಜರ್ ಕಿತ್ತಿದ್ದು ಇದುವರೆಗೆ ಎರಡೇ ಸಲ.