ಐಸ್ ಕರಗಿಸಿ ನೋಡುವ ಪ್ರಯೋಗ ಪೆಟ್ಟಿಗೆ: ಪ್ರಯೋಗ ಚೆನ್ನ, ಕೈಪಿಡಿ ಸಪ್ಪೆ

ಏಳನೇ ತರಗತಿಯ ಮಗಳಿಗೆಂದು ಮೈಸೂರಿನ ಅಂಗಡಿಯೊಂದರಲ್ಲಿ 650 ರೂಪಾಯಿಗೆ ಕೊಂಡ ಈ ಪೆಟ್ಟಿಗೆ, ಧ್ರುವಪ್ರದೇಶದ ಹಿಮ ಕರಗಿದರೆ ಸಮುದ್ರ ಏಕೆ ಏರುತ್ತದೆಂದು ತೋರಿಸುವುದಕ್ಕಾಗಿಯೇ ಇರುವಂಥದ್ದು. ಎರಡು ಪ್ಲಾಸ್ಟಿಕ್ ತೊಟ್ಟಿ, ನೆಲದ ಬದಲಿಗೆ ಒಂದು ದಿಬ್ಬ, ಇಳಿಜಾರಿನ ಹಲಗೆ ಮತ್ತು ಕನ್ನಡದ ಕೈಪಿಡಿ ಒಳಗಿವೆ.

ಒಂದು ತೊಟ್ಟಿಯಲ್ಲಿ ಐಸ್ ತುಂಡುಗಳನ್ನು ತೇಲಿಬಿಟ್ಟು, ಇನ್ನೊಂದರಲ್ಲಿ ಅಷ್ಟೇ ತುಂಡುಗಳನ್ನು ದಿಬ್ಬದ ಮೇಲಿಟ್ಟು ನೀರಿನ ಮಟ್ಟ ಗುರುತು ಮಾಡಿಕೊಂಡೆವು. ಎಲ್ಲವೂ ಕರಗಿದಾಗ ಮೊದಲನೆಯದರ ಗೆರೆ ಕದಲಿರಲಿಲ್ಲ. ಎರಡನೆಯದರಲ್ಲಿ ನೀರು ಆರು ಮಿಲಿಮೀಟರ್ ಏರಿತ್ತು. ತೇಲುವ ಹಿಮ ತನ್ನ ತೂಕದಷ್ಟು ನೀರನ್ನು ಮೊದಲೇ ಸರಿಸಿರುತ್ತದೆ. ಸಮುದ್ರಕ್ಕೆ ಹೊಸದಾಗಿ ಸೇರುವುದು ಗ್ರೀನ್‌ಲ್ಯಾಂಡ್ ಮತ್ತು ಅಂಟಾರ್ಕ್ಟಿಕಾದ ನೆಲದ ಮೇಲೆ ಕೂತಿರುವ ಹಿಮ. ಹೀಗಿದ್ದೂ ಪೆಟ್ಟಿಗೆಯ ಮೇಲೆ ಅಚ್ಚಾಗಿರುವುದು ತೇಲುವ ಹಿಮಗಡ್ಡೆಯ ಮೇಲೆ ನಿಂತ ಕರಡಿ!

ಹಲಗೆಯ ಪ್ರಯೋಗ ಇದಕ್ಕಿಂತ ಸೊಗಸು. ಹಿಮನದಿಯ ಬದಲಿಗೆ ಸುರಿಯಲೆಂದು ಜೊತೆಗೆ ಕೊಟ್ಟಿದ್ದ ಅಂಟು ಒಣಗಿಹೋಗಿದ್ದರಿಂದ ನಾವು ಗಟ್ಟಿಯಾದ ರಾಗಿ ಅಂಬಲಿಯನ್ನೇ ಸುರಿದೆವು. ಕೆಳತುದಿಯ ಅಡ್ಡಪಟ್ಟಿ ಇದ್ದಷ್ಟು ಹೊತ್ತು ಅಂಬಲಿ ಮೆಲ್ಲನೆ ತೆವಳಿತು. ಪಟ್ಟಿ ತೆಗೆದೊಡನೆ ಸರಸರನೆ ಜಾರಿತು. 2002ರಲ್ಲಿ ಅಂಟಾರ್ಕ್ಟಿಕಾದ ಲಾರ್ಸೆನ್ ಬಿ ಎಂಬ ಹಿಮಚಾಚು (ನೆಲದ ಹಿಮ ಸಮುದ್ರದ ಮೇಲೆ ಚಾಚಿ ತೇಲುವ ಭಾಗ) ಕೆಲವೇ ವಾರಗಳಲ್ಲಿ ಚೂರಾದ ಬಳಿಕ ಅದರ ಹಿಂದಿನ ಹಿಮನದಿಗಳು ವೇಗವಾಗಿ ಹರಿಯತೊಡಗಿದ್ದು ಹೀಗೆಯೇ. ತೇಲುವ ಹಿಮ ತಾನು ಮಟ್ಟ ಏರಿಸದಿದ್ದರೂ ಏರಿಸುವ ಹಿಮವನ್ನು ತಡೆದು ನಿಲ್ಲಿಸಿರುತ್ತದೆ ಎಂಬುದು ಮಗಳಿಗೆ ಆಗ ಹೊಳೆಯಿತು.

ಕೈಪಿಡಿ ಮಾತ್ರ ನಿರಾಸೆ. ಕೆಲವೆಡೆ ಮೂರು ಕಿಲೋಮೀಟರಿಗೂ ಹೆಚ್ಚು ದಪ್ಪವಿರುವ ಹಿಮಹೊದಿಕೆಯನ್ನು ‘ಹಿಮ ಹಾಳೆ’ ಎಂದು ಬರೆದವರು ಹಾಳೆಯನ್ನು ಎಂದಾದರೂ ಮುಟ್ಟಿ ನೋಡಿದ್ದರೋ ಇಲ್ಲವೋ. ಗ್ರೀನ್‌ಲ್ಯಾಂಡ್ 2002ರಿಂದೀಚೆಗೆ ವರ್ಷಕ್ಕೆ ಸರಾಸರಿ ಸುಮಾರು 27,000 ಕೋಟಿ ಟನ್ ಹಿಮ ಕಳೆದುಕೊಳ್ಳುತ್ತಿದೆ ಎಂಬ ಅಂಕಿಯನ್ನು ಅಲ್ಲಿ ಬರಿದೇ ಎಸೆಯಲಾಗಿದೆ. ನಮ್ಮ ಕನ್ನಂಬಾಡಿ ಕಟ್ಟೆ ತುಂಬಿದರೆ ಹಿಡಿಯುವುದು 49.45 ಟಿಎಂಸಿ, ಅಂದರೆ ಸುಮಾರು 140 ಕೋಟಿ ಟನ್ ನೀರು. ವರ್ಷಕ್ಕೆ ಹತ್ತಿರ ಹತ್ತಿರ 190 ಕನ್ನಂಬಾಡಿ ಎಂದು ನಾನೇ ಲೆಕ್ಕ ಹಾಕಿ ಹೇಳಬೇಕಾಯಿತು. ಇಷ್ಟಾದರೂ ಇದರಿಂದ ಸಮುದ್ರ ಏರುವುದು ವರ್ಷಕ್ಕೆ ಮಿಲಿಮೀಟರಿನ ಮುಕ್ಕಾಲು ಪಾಲು ಮಾತ್ರ ಏಕೆಂದು ಅವಳು ಕೇಳಿದಾಗ, ಸಮುದ್ರದ ವಿಸ್ತಾರವನ್ನು ಗ್ಲೋಬ್ ತಿರುಗಿಸಿ ತೋರಿಸಿದೆ.

ತೊಟ್ಟಿಗೆ ಅಂಟಿಸಿದ್ದ ಅಳತೆಪಟ್ಟಿ ಎರಡನೇ ಸಲಕ್ಕೇ ನೀರಿನಲ್ಲಿ ಕಳಚಿ ಬಂತು. ಅಂಗಡಿಯವರು ಬದಲಿಸಿ ಕೊಡಲಿಲ್ಲ. ಸದ್ಯಕ್ಕೆ ಮಾರ್ಕರ್ ಪೆನ್ನಿನಿಂದ ಗೆರೆ ಎಳೆದುಕೊಂಡಿದ್ದೇವೆ.