ತುಮಕೂರಲ್ಲಿ ಪ್ಲಂಬರ್ ಬೇಕಾದಾಗ ಯಾರನ್ನು ಕರೆಯಬೇಕು: ಅಂಗಡಿಯವನೋ, ಮೇಸ್ತ್ರಿ ಕಡೆಯವನೋ, ಆ್ಯಪೋ, ಐಟಿಐ ಕಲಿತವನೋ?

ಎಸ್.ಎಸ್. ಪುರಂನ ನಮ್ಮ ಮನೆಗೆ ಎರಡು ಥರದ ನೀರು ಬರುತ್ತದೆ. ಬುಗುಡನಹಳ್ಳಿ ಕೆರೆಯಿಂದ ಪಾಲಿಕೆ ಬಿಡುವ ಹೇಮಾವತಿ ನೀರು ಒಂದು, ಅದು ಬಾರದ ದಿನ ಬೋರ್‌ವೆಲ್ ನೀರು ಇನ್ನೊಂದು. ಬೋರಿನ ಗಡಸು ನೀರು ಹರಿದ ಕಡೆಯೆಲ್ಲ ಬಿಳಿ ಪದರ ಕಟ್ಟುತ್ತದೆ. ನಲ್ಲಿಯ ಜಾಲರಿ ಮುಚ್ಚಿಕೊಳ್ಳುತ್ತದೆ, ಗೀಸರಿನ ಕಾಯಿಲ್ ಹಾಳಾಗುತ್ತದೆ, ಟ್ಯಾಂಕಿನ ಫ್ಲೋಟ್ ವಾಲ್ವ್ ಗಟ್ಟಿಯಾಗಿ ಕೂತು ನೀರು ಉಕ್ಕುತ್ತದೆ. ಹಾಗಾಗಿ ನಮ್ಮ ಬೀದಿಯವರಿಗೆಲ್ಲ ಪ್ಲಂಬರ್ ಬೇಕಾಗುತ್ತಲೇ ಇರುತ್ತಾರೆ. ಇಲ್ಲಿ ಸಿಗುವ ನಾಲ್ಕೂ ದಾರಿಗಳನ್ನು ನಾನು ಹಿಡಿದು ನೋಡಿದ್ದೇನೆ.

ಬೇಗ ಸಿಗುವವನು ಹಾರ್ಡ್‌ವೇರ್ ಅಂಗಡಿಯವರು ಕಳಿಸುವ ಹುಡುಗ. ಮಂಡಿಪೇಟೆಯ ಅಂಗಡಿಗೆ ಫೋನ್ ಮಾಡಿದರೆ ಮಧ್ಯಾಹ್ನದೊಳಗೆ ಬೈಕಿನಲ್ಲಿ ಬಂದಿರುತ್ತಾನೆ. ಆಂಗಲ್ ಕಾಕ್ ಬದಲಿಸುವುದು, ಸಿಂಕ್ ಕೆಳಗಿನ ವೇಸ್ಟ್ ಪೈಪ್, ಫ್ಲಶ್ ಟ್ಯಾಂಕಿನ ಒಳಸಾಮಾನು, ಇಷ್ಟಕ್ಕೆ ಅವನೇ ಸಾಕು. ಕೈ ಚುರುಕು, ಕೂಲಿಯೂ ಕಮ್ಮಿ. ಒಂದೇ ತೊಂದರೆ, ರಿಪೇರಿಗಿಂತ ಬದಲಿಸುವುದೇ ಅವನಿಗೆ ಸಲೀಸು. ನಲ್ಲಿ ಸೋರಿದರೆ ಬಹಳ ಸಲ ಒಳಗಿನ ವಾಷರ್ ಅಥವಾ ಕಾರ್ಟ್ರಿಜ್ ಹೋಗಿರುತ್ತದೆ ಅಷ್ಟೆ. ನಮ್ಮ ಮನೆಯಲ್ಲಿ ಅವನು ಇಡೀ ನಲ್ಲಿಯನ್ನೇ ಬಿಚ್ಚಲು ಹೊರಟಿದ್ದ. 'ಮೊದಲು ಸ್ಪಿಂಡಲ್ ತೆಗೆದು ತೋರಿಸಪ್ಪ' ಅಂದ ಮೇಲೆ ವಾಷರ್ ಹಾಕಿ ಮುಗಿಸಿದ.

ಆ್ಯಪ್ ಬಗ್ಗೆ ಹೇಳುವುದು ಹೆಚ್ಚಿಲ್ಲ. ರೇಟು ಮೊದಲೇ ಕಾಣುತ್ತದೆ, ರಸೀದಿ ಸಿಗುತ್ತದೆ, ಅದು ಒಳ್ಳೆಯದೇ. ಆದರೆ ಪ್ರತಿ ಸಲ ಬೇರೆಯವರು ಬರುತ್ತಾರೆ. ಹಿಂದಿನವನು ಏನು ಮಾಡಿ ಹೋದ ಎಂದು ಮುಂದಿನವನಿಗೆ ತಿಳಿದಿರುವುದಿಲ್ಲ. ಹಳೇ ಮನೆಗೆ ಇದು ಆಗಿಬರುವುದಿಲ್ಲ.

ನಿಜವಾದ ಪೈಪೋಟಿ ಇರುವುದು ಮಿಕ್ಕ ಇಬ್ಬರ ನಡುವೆ. ಅದು ನನಗೆ ಗೊತ್ತಾದದ್ದು ಬಾತ್‌ರೂಮಿನ ಹಿಂದಿನ ಗೋಡೆ ಒದ್ದೆಯಾಗಿ ಬಣ್ಣ ಉಬ್ಬಿ ಉದುರತೊಡಗಿದಾಗ.

ಮೊದಲು ಬಂದವರು ಮನೆ ಕಟ್ಟಿದ ಮೇಸ್ತ್ರಿಯ ಕಡೆಯ ಪ್ಲಂಬರ್. ಗೋಡೆಯೊಳಗೆ ಯಾವ ಪೈಪು ಎಲ್ಲಿ ತಿರುಗಿದೆ ಎನ್ನುವುದು ಅವರಿಗೆ ಬಾಯಿಪಾಠ, ಅದಕ್ಕೆ ಬೆಲೆ ಕಟ್ಟಲಾಗದು. ಆದರೆ ಗೋಡೆಯನ್ನು ಬೆರಳಿನಿಂದ ತಟ್ಟಿ ನೋಡಿದವರೇ 'ಈ ಕಡೆ ಟೈಲ್ಸ್ ಪೂರ್ತಿ ಒಡೆದು ಲೈನ್ ಹೊಸದು ಹಾಕೋಣ' ಅಂದರು. ಲೀಕು ತಣ್ಣೀರಿನ ಲೈನಿನಲ್ಲೋ ಬಿಸಿನೀರಿನ ಲೈನಿನಲ್ಲೋ ಎಂದು ಕೇಳಿದರೆ ಅವರ ಬಳಿ ಉತ್ತರವಿರಲಿಲ್ಲ.

ಆಮೇಲೆ ಪರಿಚಯದವರೊಬ್ಬರು ಕ್ಯಾತ್ಸಂದ್ರ ಕಡೆಯ ಹುಡುಗನೊಬ್ಬನ ನಂಬರ್ ಕೊಟ್ಟರು. ಐಟಿಐಯಲ್ಲಿ ಒಂದು ವರ್ಷದ ಪ್ಲಂಬರ್ ಟ್ರೇಡ್ ಮುಗಿಸಿದವನು. ಅವನು ಬಂದು ಮೊದಲು ಸುತ್ತಿಗೆ ತೆಗೆಯಲಿಲ್ಲ. ಟ್ಯಾಂಕಿನಿಂದ ಇಳಿಯುವ ವಾಲ್ವ್ ಬಂದ್ ಮಾಡಿದ, ಬಾತ್‌ರೂಮಿನ ನಲ್ಲಿಗಳನ್ನು ಬಿಚ್ಚಿ ಆ ಬಾಯಿಗಳಿಗೆ ಡಮ್ಮಿ (ಮುಚ್ಚಳ) ಹಾಕಿದ, ಮೀಟರಿದ್ದ ಒಂದು ಕೈಪಂಪನ್ನು ತಣ್ಣೀರಿನ ಲೈನಿಗೆ ಕಟ್ಟಿ ಒತ್ತಡ ಏರಿಸಿದ. ಮುಳ್ಳು ನಿಂತಲ್ಲೇ ನಿಂತಿತು. ಅದೇ ಪಂಪನ್ನು ಬಿಸಿನೀರಿನ ಲೈನಿಗೆ ಕಟ್ಟಿದ ಮೇಲೆ ನಾವು ನೋಡುತ್ತಿದ್ದಂತೆಯೇ ಮುಳ್ಳು ಇಳಿಯುತ್ತ ಬಂತು.

ಗೀಸರಿನ ಕೆಳಗೆ ಒಂದೇ ಒಂದು ಟೈಲ್ಸ್ ಬಿಡಿಸಿದ. ಒಳಗೆ ಕೆನೆ ಬಣ್ಣದ ಸಿಪಿವಿಸಿ ಪೈಪಿನ ನಡುವೆ ಬಿಳೀ ಯುಪಿವಿಸಿ ತುಂಡೊಂದನ್ನು ಹಿಂದೆ ಯಾರೋ ಸೇರಿಸಿದ್ದರು. ಸಿಪಿವಿಸಿ ಸುಮಾರು 93 ಡಿಗ್ರಿಯವರೆಗೆ ತಡೆಯುತ್ತದೆ. ಯುಪಿವಿಸಿ ತಣ್ಣೀರಿಗಷ್ಟೇ, ಬಿಸಿ ತಾಗಿದರೆ ಮೆತ್ತಗಾಗುತ್ತದೆ. ಆ ಜಾಯಿಂಟು ಸೊಟ್ಟಗಾಗಿ ಹನಿಹನಿಯಾಗಿ ಜಿನುಗುತ್ತಿತ್ತು. ಅವನು ಆ ತುಂಡು ಕತ್ತರಿಸಿ, ಹೊಸ ಪೈಪಿನ ಅಂಚು ಉಜ್ಜಿ ಒರೆಸಿ, ಪೈಪಿಗೂ ಫಿಟ್ಟಿಂಗಿಗೂ ಸಾಲ್ವೆಂಟ್ (ಪೈಪಿನ ಅಂಟು) ಹಚ್ಚಿ, ಕಾಲು ಸುತ್ತು ತಿರುವಿ ಒತ್ತಿಹಿಡಿದ. 'ನಾಳೆ ಬೆಳಗ್ಗೆವರೆಗೂ ನೀರು ಬಿಡಬೇಡಿ ಸಾರ್' ಅಂತ ಹೇಳಿ, ಮಾರನೇ ದಿನ ಬಂದು ಮತ್ತೆ ಪಂಪ್ ಕಟ್ಟಿ ಮುಳ್ಳು ನಿಂತದ್ದನ್ನು ತೋರಿಸಿದ ಮೇಲೆಯೇ ಸಿಮೆಂಟ್ ಹಾಕಿದ. ಇಷ್ಟು ಶ್ರದ್ಧೆಯ ಕೆಲಸ ನೋಡಿ ಮನೆಯವರಿಗೆಲ್ಲ ಖುಷಿಯಾಯಿತು. ಅವನ ದಿನಗೂಲಿ ಮೇಸ್ತ್ರಿ ಕಡೆಯವರಿಗಿಂತ ಜಾಸ್ತಿ. ಆದರೆ ಗೋಡೆ ಪೂರ್ತಿ ಒಡೆಸಿ ಟೈಲ್ಸ್ ಹಾಕಿಸುವ ಖರ್ಚಿನ ಮುಂದೆ ಅದು ಏನೂ ಅಲ್ಲ.

ಹಾಗಂತ ಸರ್ಟಿಫಿಕೇಟ್ ಒಂದನ್ನೇ ನೋಡಿ ಎನ್ನಲಾರೆ. ಹಿತ್ತಲಿನ ಯುಜಿಡಿ (ಒಳಚರಂಡಿ) ಚೇಂಬರ್ ಕಸ ತುಂಬಿ ಕಟ್ಟಿಕೊಂಡಾಗ ಕರೆದದ್ದು ಅದೇ ಹಳೇ ಮೇಸ್ತ್ರಿ ಕಡೆಯವರನ್ನು. ಟ್ಯೂಬ್ ಲೆವೆಲ್ ಹಿಡಿದು, ನಾಲ್ಕಿಂಚು ಪೈಪಿಗೆ ನಲವತ್ತು ಅಡಿಗೆ ಒಂದಡಿಯಂತೆ ವಾಟ ಕೊಟ್ಟು ಹಾಕಿದರು. ಆಮೇಲೆ ಅಲ್ಲಿ ಕಸ ನಿಂತಿಲ್ಲ. ಮಣ್ಣು, ವಾಟ, ಚೇಂಬರ್ ಕೆಲಸದಲ್ಲಿ ಅವರ ಅನುಭವವೇ ಮೇಲು. ಐಟಿಐ ಹುಡುಗನ ವಿಷಯದಲ್ಲಿ ಇರುವ ಕಷ್ಟ ಬೇರೆ: ಬೆಂಗಳೂರಿನ ಅಪಾರ್ಟ್‌ಮೆಂಟ್ ಕೆಲಸಕ್ಕೆ ಹೋದರೆ ವಾರಗಟ್ಟಲೆ ಕೈಗೆ ಸಿಗುವುದಿಲ್ಲ. ರಾತ್ರಿ ಪೈಪು ಒಡೆದರೆ ಅವನನ್ನು ಕಾಯುತ್ತ ಕೂರಲಾಗದು. ಮೇನ್ ವಾಲ್ವ್ ನಿಲ್ಲಿಸಿ ಬೆಳಗ್ಗೆ ಅಂಗಡಿಯ ಹುಡುಗನನ್ನೇ ಕರೆಯುವುದು.

ಈಗ ಹೊಸಬರು ಯಾರಿಗೇ ಫೋನ್ ಮಾಡಿದರೂ ಗೋಡೆಯೊಳಗಿನ ಲೀಕಾದರೆ 'ಲೀಕು ಪರೀಕ್ಷಿಸುವ ಪ್ರೆಶರ್ ಪಂಪ್ ಇದೆಯಾ?' ಎಂದು ಕೇಳುತ್ತೇನೆ. ಇಲ್ಲ ಅಂದರೆ ಅವರಿಗೆ ಆ ಕೆಲಸ ಕೊಡುವುದಿಲ್ಲ. ಪೈಪು ತಂದಾಗ ಮೇಲೆ ಅಚ್ಚಾದ ಐಎಸ್ (ಭಾರತೀಯ ಮಾನಕ) ನಂಬರ್ ಓದುತ್ತೇನೆ: ಸಿಪಿವಿಸಿಗೆ ಐಎಸ್ 15778, ಯುಪಿವಿಸಿಗೆ ಐಎಸ್ 4985. ಇನ್ನು ಬೀದಿಯ ಪೈಪಿನಿಂದ ಮನೆಗೆ ಹೊಸ ನಲ್ಲಿ ಸಂಪರ್ಕ ಅಥವಾ ಯುಜಿಡಿ ಲೈನಿಗೆ ಜೋಡಣೆ ಬೇಕಾದರೆ ಈ ನಾಲ್ವರ ಮಾತೇ ಬೇಡ. ಪಾಲಿಕೆಗೆ ಅರ್ಜಿ ಕೊಟ್ಟು, ಲೈಸೆನ್ಸ್ ಇರುವ ಪ್ಲಂಬರ್ ಕೈಯಲ್ಲೇ ಮಾಡಿಸಿ.